ಲೂಯಿ ಪಾಶ್ಚರ್

ಲೂಯಿ ಪಾಶ್ಚರ್ (ಡಿಸೆಂಬರ್ 27, 1822 – ಸೆಪ್ಟೆಂಬರ್ 28, 1895) ಫ್ರಾನ್ಸ್ ದೇಶದ ಸುಪ್ರಸಿದ್ಧ ರಸಾಯನಶಾಸ್ತ್ರಜ್ಞರು ಹಾಗೂ ಸೂಕ್ಷ್ಮಜೀವಿಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆಯನ್ನು ಸಿದ್ಧಪಡಿಸಿದವರೆಂದೂ, ಹಾಲು ಕೆಡದಂತೆ ಕಾಪಾಡುವ ಪಾಶ್ಚರೀಕರಣ ವಿಧಾನಕ್ಕೆ ಹೆಸರು ಕೊಟ್ಟವರೆಂದೂ ಇವರು ಶಾಲಾ ವಿದ್ಯಾರ್ಥಿಗಳಿಗೂ ಪರಿಚಿತರು. ಈ ಎರಡು ಸಾಧನೆಗಳಿಗೂ ತಳಹದಿಯಾದದ್ದು ಸುಮಾರು ಇಪ್ಪತ್ತು ವರ್ಷಗಳ ಕಾಲ ಅವರು ನಡೆಸಿದ ಹುದುಗುವಿಕೆಯ ಅಧ್ಯಯನ.

ಸಕ್ಕರೆಯ ರಸವು ಮದ್ಯವಾಗುವುದು, ಹಾಲು ಹುಳಿಯಾಗುವುದು, ಬಿಯರ್ ಕೆಡುವುದು ಇವೆಲ್ಲವೂ ಜೀವಂತ ಸೂಕ್ಷ್ಮಜೀವಿಗಳ ಕೆಲಸವೆಂದು ಪಾಶ್ಚರ್ ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. ಹುದುಗುವಿಕೆ ತಡವಾದರೆ ಅಥವಾ ದಾರಿ ತಪ್ಪಿದರೆ ತೊಟ್ಟಿಯಲ್ಲಿ ಯಾವ ಜೀವಿ ಇದೆ, ಅದು ಯಾವ ಸ್ಥಿತಿಯಲ್ಲಿದೆ ಎಂದು ಮೊದಲು ನೋಡಬೇಕೆಂಬುದು ಅವರ ವಿಧಾನವಾಗಿತ್ತು. ಇದೇ ವಿಧಾನವನ್ನು ಮುಂದೆ ಅವರು ರೇಷ್ಮೆಹುಳು, ಕುರಿ ಮತ್ತು ಮನುಷ್ಯರ ರೋಗಗಳಿಗೂ ಅನ್ವಯಿಸಿದರು.

ಜನನ ಮತ್ತು ಬಾಲ್ಯ

ಪಾಶ್ಚರ್ ಅವರು ಫ್ರಾನ್ಸಿನ ಪೂರ್ವಭಾಗದ ಜೂರಾ ಪ್ರಾಂತದ ದೋಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜಾನ್ ಜೋಸೆಫ್ ಪಾಶ್ಚರ್ ನೆಪೋಲಿಯನ್ನನ ಸೈನ್ಯದಲ್ಲಿ ಸೇವೆ ಸಲ್ಲಿಸಿ ಬಂದು ಚರ್ಮ ಹದಮಾಡುವ ಕಸುಬನ್ನು ನಡೆಸುತ್ತಿದ್ದರು. ತಾಯಿಯ ಹೆಸರು ಜಾನ್ ಎತಿಯೆನೆತ್ ರೋಕಿ. ಪಾಶ್ಚರ್ ಇನ್ನೂ ಚಿಕ್ಕ ಮಗುವಾಗಿದ್ದಾಗಲೇ ಕುಟುಂಬವು ಆರ್ಬ್ವಾ ಎಂಬ ಊರಿಗೆ ಬಂದು ನೆಲೆಸಿತು. ದ್ರಾಕ್ಷಿ ತೋಟಗಳಿಗೂ ದ್ರಾಕ್ಷಾಮದ್ಯಕ್ಕೂ ಹೆಸರಾದ ಈ ಊರಿನೊಡನೆ ಅವರ ಸಂಬಂಧ ಜೀವನದ ಕೊನೆಯವರೆಗೂ ಉಳಿಯಿತು.

ಬಾಲ್ಯದಲ್ಲಿ ಅವರು ಅಸಾಧಾರಣ ವಿದ್ಯಾರ್ಥಿಯೆಂದು ಹೆಸರು ಪಡೆದವರಲ್ಲ. ಓದಿಗಿಂತ ಚಿತ್ರಕಲೆಯಲ್ಲಿ ಅವರಿಗೆ ಒಲವು ಹೆಚ್ಚಾಗಿತ್ತು. ತಂದೆತಾಯಿಯರ ಮತ್ತು ಊರಿನವರ ಭಾವಚಿತ್ರಗಳನ್ನು ಅವರು ಬಣ್ಣದ ಕಡ್ಡಿಗಳಿಂದ ಬರೆದಿದ್ದರು. ಅವುಗಳಲ್ಲಿ ಹಲವು ಇಂದಿಗೂ ಉಳಿದಿವೆ. 1838ರಲ್ಲಿ ಓದಿಗಾಗಿ ಪ್ಯಾರಿಸ್ಸಿಗೆ ಹೋದರೂ ಮನೆಯ ಹಂಬಲ ತಾಳಲಾರದೆ ಕೆಲವೇ ವಾರಗಳಲ್ಲಿ ಹಿಂದಿರುಗಿದರು.

ವಿದ್ಯಾಭ್ಯಾಸ ಮತ್ತು ಹರಳುಗಳ ಅಧ್ಯಯನ

ಬೆಸಾನ್ಸೋನ್ ನಗರದ ಕಾಲೇಜಿನಲ್ಲಿ ಓದಿ 1840ರಲ್ಲಿ ಸಾಹಿತ್ಯದಲ್ಲಿಯೂ 1842ರಲ್ಲಿ ವಿಜ್ಞಾನದಲ್ಲಿಯೂ ಪದವಿ ಪರೀಕ್ಷೆಗಳನ್ನು ಮುಗಿಸಿದರು. ಅದೇ ವರ್ಷ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸುಪೀರಿಯರ್ ಸಂಸ್ಥೆಯ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣರಾದರೂ ದೊರೆತ ಸ್ಥಾನ ತೃಪ್ತಿ ತರಲಿಲ್ಲ. ಆದ್ದರಿಂದ ಮತ್ತೊಂದು ವರ್ಷ ಸಿದ್ಧತೆ ನಡೆಸಿ 1843ರಲ್ಲಿ ಉತ್ತಮ ಸ್ಥಾನದೊಡನೆ ಸೇರಿದರು. 1847ರಲ್ಲಿ ಡಾಕ್ಟರೇಟ್ ಪಡೆದರು.

1848ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಅವರು ದ್ರಾಕ್ಷಾಮದ್ಯದ ಪೀಪಾಯಿಗಳಲ್ಲಿ ಗಟ್ಟಿಯಾಗಿ ನಿಲ್ಲುವ ಟಾರ್ಟಾರಿಕ್ ಆಮ್ಲದ ಲವಣಗಳನ್ನು ಪರೀಕ್ಷಿಸುತ್ತಿದ್ದರು. ರೆಸಿಮಿಕ್ ಆಮ್ಲದ ಒಂದು ಲವಣದ ಹರಳುಗಳಲ್ಲಿ ಎರಡು ಬಗೆಗಳಿದ್ದು, ಅವು ಬಲಗೈ ಮತ್ತು ಎಡಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾಗಿರುವುದನ್ನು ಗುರುತಿಸಿ, ಅವುಗಳನ್ನು ಕೈಯಿಂದಲೇ ಆರಿಸಿ ಬೇರ್ಪಡಿಸಿದರು. ಒಂದು ಬಗೆಯ ದ್ರಾವಣವು ಧ್ರುವೀಕೃತ ಬೆಳಕನ್ನು ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗಿಸಿತು. ಹಿರಿಯ ವಿಜ್ಞಾನಿ ಜಾನ್ ಬಾಪ್ತಿಸ್ತ್ ಬಿಯೋ ತಮ್ಮೆದುರಿಗೇ ಈ ಪ್ರಯೋಗವನ್ನು ಮಾಡಿಸಿ ನೋಡಿ ಒಪ್ಪಿಕೊಂಡರು. ಇಂತಹ ಎಡ–ಬಲ ಭೇದವು ಜೀವಿಗಳಿಂದ ಬಂದ ಪದಾರ್ಥಗಳ ಲಕ್ಷಣವೆಂಬ ಅಭಿಪ್ರಾಯ ಪಾಶ್ಚರ್ ಅವರಲ್ಲಿ ಬಲವಾಗಿ ಬೇರೂರಿತು. ಹುದುಗುವಿಕೆಯಲ್ಲಿ ಉಂಟಾಗುವ ಪದಾರ್ಥಗಳಲ್ಲೂ ಈ ಭೇದ ಕಂಡುಬಂದದ್ದರಿಂದ ಅವರ ಗಮನ ಆ ಕಡೆಗೆ ಹರಿಯಿತು.

ವಿವಾಹ ಮತ್ತು ಕುಟುಂಬ

1849ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಹೋದ ಪಾಶ್ಚರ್, ಅಲ್ಲಿನ ರೆಕ್ಟರ್ ಅವರ ಮಗಳು ಮಾರಿ ಲೊರಾನ್ ಅವರನ್ನು ಅದೇ ವರ್ಷ ಮೇ 29ರಂದು ವಿವಾಹವಾದರು. ಮಾರಿಯವರು ಪತಿ ಹೇಳಿದ್ದನ್ನು ಬರೆದುಕೊಳ್ಳುವುದು, ಹಸ್ತಪ್ರತಿಗಳನ್ನು ಶುದ್ಧಪ್ರತಿ ಮಾಡುವುದು, ರೇಷ್ಮೆಹುಳುಗಳನ್ನು ಸಾಕುವುದು ಮೊದಲಾದ ಕೆಲಸಗಳಲ್ಲಿ ಜೀವನವಿಡೀ ನೆರವಾದರು.

ದಂಪತಿಗಳಿಗೆ ಐವರು ಮಕ್ಕಳು. ಅವರಲ್ಲಿ ಮೂವರು ಹೆಣ್ಣುಮಕ್ಕಳು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಹಿರಿಯ ಮಗಳು ಜಾನ್ 1859ರಲ್ಲಿ 9ನೆಯ ವಯಸ್ಸಿನಲ್ಲಿ ವಿಷಮಶೀತ ಜ್ವರದಿಂದ ಮೃತಳಾದಳು. 2 ವರ್ಷದ ಕಮೀಯ್ 1865ರಲ್ಲಿಯೂ, 12 ವರ್ಷದ ಸೆಸೀಲ್ 1866ರಲ್ಲಿ ಮತ್ತೆ ವಿಷಮಶೀತ ಜ್ವರದಿಂದಲೂ ಮೃತಪಟ್ಟರು. ಇವರ ತಂದೆಯವರೂ 1865ರಲ್ಲಿಯೇ ನಿಧನರಾದರು. ಮಗ ಜಾನ್ ಬಾಪ್ತಿಸ್ತ್ ಮತ್ತು ಮಗಳು ಮಾರಿ ಲೂಯಿಸ್ ಮಾತ್ರ ಬದುಕುಳಿದರು. ವಿಷಮಶೀತ ಜ್ವರಕ್ಕೆ ಕಾರಣವಾದ ಬ್ಯಾಕ್ಟೀರಿಯ ಪತ್ತೆಯಾದದ್ದು ಈ ಸಾವುಗಳ ನಂತರ, 1880ರಲ್ಲಿ.

ಲೀಲ್ ನಗರ ಮತ್ತು ಕೆಟ್ಟ ತೊಟ್ಟಿಗಳು

1854ರಲ್ಲಿ ಪಾಶ್ಚರ್ ಉತ್ತರ ಫ್ರಾನ್ಸಿನ ಲೀಲ್ ನಗರದಲ್ಲಿ ಹೊಸದಾಗಿ ಆರಂಭವಾದ ವಿಜ್ಞಾನ ವಿಭಾಗದ ಡೀನ್ ಆಗಿ ನೇಮಕಗೊಂಡರು. ಕೈಗಾರಿಕೆಗಳಿಂದ ತುಂಬಿದ ಆ ಪ್ರದೇಶದಲ್ಲಿ ಬೀಟ್ ಗೆಡ್ಡೆಯ ರಸವನ್ನು ಹುದುಗಿಸಿ ಮದ್ಯಸಾರ ತಯಾರಿಸುವುದು ದೊಡ್ಡ ಉದ್ಯಮವಾಗಿತ್ತು. 1856ರಲ್ಲಿ ಬಿಗೋ ಎಂಬ ಉದ್ಯಮಿ ತಮ್ಮ ಕಾರ್ಖಾನೆಯ ತೊಂದರೆಯನ್ನು ಅವರ ಮುಂದಿಟ್ಟರು. ಬಿಗೋ ಅವರ ಮಗ ಪಾಶ್ಚರ್ ಅವರ ವಿದ್ಯಾರ್ಥಿಯಾಗಿದ್ದನು. ಕಾರ್ಖಾನೆಯ ಕೆಲವು ತೊಟ್ಟಿಗಳಲ್ಲಿ ಹುದುಗುವಿಕೆ ಸರಿಯಾಗಿ ನಡೆಯದೆ ರಸವು ಹುಳಿಯಾಗಿ, ಮದ್ಯಸಾರದ ಪ್ರಮಾಣ ಕುಸಿದು ನಷ್ಟವಾಗುತ್ತಿತ್ತು.

ಪಾಶ್ಚರ್ ಕಾರ್ಖಾನೆಗೆ ಹೋಗಿ ಒಳ್ಳೆಯ ತೊಟ್ಟಿ ಮತ್ತು ಕೆಟ್ಟ ತೊಟ್ಟಿ ಎರಡರಿಂದಲೂ ಮಾದರಿಗಳನ್ನು ತಂದು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡತೊಡಗಿದರು. ಸರಿಯಾಗಿ ಹುದುಗುತ್ತಿದ್ದ ರಸದಲ್ಲಿ ಗುಂಡಗಿನ ಯೀಸ್ಟ್ ಕಣಗಳು ಕಾಣುತ್ತಿದ್ದವು. ಹುಳಿಯಾದ ರಸದಲ್ಲಿ ಯೀಸ್ಟಿಗಿಂತ ಬಹಳ ಸಣ್ಣದಾದ ಬೇರೆ ಆಕಾರಗಳು ಕಂಡುಬಂದವು; ಅಲ್ಲಿ ಲ್ಯಾಕ್ಟಿಕ್ ಆಮ್ಲ ಉಂಟಾಗಿತ್ತು. ಹೀಗೆ ತಯಾರಕರು ರುಚಿ ಮತ್ತು ವಾಸನೆಗಳಿಂದ ತಡವಾಗಿ ತಿಳಿಯುತ್ತಿದ್ದ ದೋಷವನ್ನು ಮೊದಲೇ ಕಣ್ಣಿನಿಂದ ಕಂಡು ತಿಳಿಯುವ ದಾರಿ ತೆರೆಯಿತು.

1857ರ ಆಗಸ್ಟ್ ತಿಂಗಳಲ್ಲಿ ಲೀಲ್ ನಗರದ ವಿಜ್ಞಾನ ಸಂಘದಲ್ಲಿ ಅವರು ಲ್ಯಾಕ್ಟಿಕ್ ಹುದುಗುವಿಕೆಯನ್ನು ಕುರಿತ ಪ್ರಬಂಧವನ್ನು ಮಂಡಿಸಿದರು. ಮದ್ಯಸಾರವನ್ನು ಉಂಟುಮಾಡುವುದಕ್ಕೆ ಒಂದು ಜೀವಿ, ಹಾಲನ್ನು ಹುಳಿಮಾಡುವುದಕ್ಕೆ ಇನ್ನೊಂದು ಜೀವಿ, ಹೀಗೆ ಪ್ರತಿಯೊಂದು ಹುದುಗುವಿಕೆಗೂ ಅದರದೇ ಆದ ಜೀವಿಯಿದೆ ಎಂಬುದು ಇದರ ಸಾರ. ಸೂಕ್ಷ್ಮಜೀವಿಶಾಸ್ತ್ರದ ಇತಿಹಾಸದಲ್ಲಿ ಈ ಪ್ರಬಂಧಕ್ಕೆ ಮುಖ್ಯ ಸ್ಥಾನವಿದೆ. ಅದೇ ವರ್ಷ ಅವರು ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸಂಸ್ಥೆಗೆ ಆಡಳಿತಾಧಿಕಾರಿಯಾಗಿ ಮರಳಿದರು. ಅಲ್ಲಿ ತಮ್ಮದೇ ಪ್ರಯೋಗಾಲಯವಿಲ್ಲದ ಕಾರಣ ಕಟ್ಟಡದ ಅಟ್ಟದ ಕೋಣೆಗಳಲ್ಲಿ ಪ್ರಯೋಗಗಳನ್ನು ಮುಂದುವರಿಸಿದರು.

ಲೀಬಿಗ್ ಅವರೊಡನೆ ವಿವಾದ

ಯೀಸ್ಟ್ ಜೀವಂತವೆಂಬ ಮಾತು ಪಾಶ್ಚರ್ ಅವರಿಂದ ಆರಂಭವಾದದ್ದಲ್ಲ. 1837ರ ವೇಳೆಗಾಗಲೇ ಫ್ರಾನ್ಸಿನ ಕಾನ್ಯಾರ್ ಲಾತೂರ್, ಜರ್ಮನಿಯ ಥಿಯೊಡರ್ ಶ್ವಾನ್ ಮತ್ತು ಫ್ರೀಡ್ರಿಕ್ ಕ್ಯೂಟ್ಸಿಂಗ್ ಪ್ರತ್ಯೇಕವಾಗಿ ಇದೇ ನಿರ್ಣಯಕ್ಕೆ ಬಂದಿದ್ದರು. ಆದರೆ ಅಂದಿನ ರಸಾಯನಶಾಸ್ತ್ರದಲ್ಲಿ ಅತ್ಯಂತ ಪ್ರಭಾವಶಾಲಿಯಾಗಿದ್ದ ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್ ಇದನ್ನು ಒಪ್ಪಲಿಲ್ಲ. ಕೊಳೆಯುತ್ತಿರುವ ಸಾರಜನಕಯುಕ್ತ ಪದಾರ್ಥದ ಕಂಪನವು ಸಕ್ಕರೆಗೂ ಹರಡಿ ಅದನ್ನು ಒಡೆಯುತ್ತದೆ, ಯೀಸ್ಟಿನ ಜೀವಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಲೀಬಿಗ್ ಅವರ ವಾದ.

ಪಾಶ್ಚರ್ ಇದಕ್ಕೆ ಪ್ರಯೋಗದ ಮೂಲಕ ಉತ್ತರ ನೀಡಿದರು. ಶುದ್ಧವಾದ ನೀರಿಗೆ ಸಕ್ಕರೆ, ಅಮೋನಿಯಮ್ ಲವಣ ಮತ್ತು ಯೀಸ್ಟನ್ನು ಸುಟ್ಟು ಪಡೆದ ಬೂದಿ ಇಷ್ಟನ್ನೇ ಹಾಕಿ, ಅತ್ಯಲ್ಪ ಯೀಸ್ಟನ್ನು ಬಿತ್ತಿದರು. ಕೊಳೆಯುವ ಪದಾರ್ಥವೇ ಇಲ್ಲದ ಆ ದ್ರಾವಣದಲ್ಲಿ ಯೀಸ್ಟ್ ಬೆಳೆಯಿತು, ಸಕ್ಕರೆಯೂ ಹುದುಗಿತು. ಹುದುಗುವಿಕೆಯಲ್ಲಿ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಮಾತ್ರವಲ್ಲದೆ ಗ್ಲಿಸರಿನ್ ಮತ್ತು ಸಕ್ಸಿನಿಕ್ ಆಮ್ಲಗಳೂ ಉಂಟಾಗುವುದನ್ನು ಅಳೆದು ತೋರಿಸಿದರು. ಈ ಫಲಿತಾಂಶಗಳನ್ನು ಒಳಗೊಂಡ ವಿಸ್ತೃತ ಪ್ರಬಂಧ 1860ರಲ್ಲಿ ಪ್ರಕಟವಾಯಿತು.

ಈ ವಿವಾದಕ್ಕೆ ಅಂತಿಮ ತೆರೆ ಬಿದ್ದದ್ದು ಇಬ್ಬರೂ ತೀರಿಕೊಂಡ ಮೇಲೆ. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿ ತೆಗೆದ, ಜೀವಕಣವಿಲ್ಲದ ರಸವೂ ಸಕ್ಕರೆಯನ್ನು ಹುದುಗಿಸಬಲ್ಲದೆಂದು ತೋರಿಸಿದರು. ಇದಕ್ಕಾಗಿ 1907ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಸಕ್ಕರೆಯನ್ನು ಒಡೆಯುವುದು ಕಿಣ್ವಗಳ ರಾಸಾಯನಿಕ ಕ್ರಿಯೆ, ಆ ಕಿಣ್ವಗಳನ್ನು ತಯಾರಿಸುವುದು ಜೀವಂತ ಯೀಸ್ಟ್ ಎಂದು ಈಗ ತಿಳಿದಿದೆ.

ಗಾಳಿ ಮತ್ತು ಯೀಸ್ಟ್

1861ರಲ್ಲಿ ಬ್ಯುಟಿರಿಕ್ ಆಮ್ಲದ ಹುದುಗುವಿಕೆಯನ್ನು ಪರೀಕ್ಷಿಸುವಾಗ, ಅದಕ್ಕೆ ಕಾರಣವಾದ ಜೀವಿಗಳು ಗಾಳಿ ತಗುಲಿದೊಡನೆ ಚಲನೆಯನ್ನು ನಿಲ್ಲಿಸುವುದನ್ನು ಪಾಶ್ಚರ್ ಕಂಡರು. ಆಮ್ಲಜನಕವಿಲ್ಲದೆಯೂ ಬದುಕುವ ಜೀವಿಗಳಿವೆ ಎಂಬುದು ಆ ಕಾಲಕ್ಕೆ ಅಚ್ಚರಿಯ ಸಂಗತಿಯಾಗಿತ್ತು. ವಾಯುಜೀವಿ, ಅವಾಯುಜೀವಿ ಎಂಬ ವಿಂಗಡಣೆ ಇಲ್ಲಿಂದ ಆರಂಭವಾಯಿತು.

ಯೀಸ್ಟಿನ ವಿಷಯದಲ್ಲಿ ಇನ್ನೊಂದು ಮುಖ್ಯ ಅಂಶವನ್ನು ಅವರು ಗಮನಿಸಿದರು. ಗಾಳಿ ಧಾರಾಳವಾಗಿ ದೊರೆತಾಗ ಯೀಸ್ಟ್ ಬೇಗಬೇಗನೆ ವೃದ್ಧಿಯಾಗುತ್ತದೆ. ಆದರೆ ಅದರ ತೂಕಕ್ಕೆ ಹೋಲಿಸಿದರೆ ಸಕ್ಕರೆಯನ್ನು ಕಡಿಮೆ ಬಳಸುತ್ತದೆ. ಗಾಳಿ ಇಲ್ಲದಾಗ ಬೆಳವಣಿಗೆ ಕುಂಠಿತವಾಗಿ, ಬಹಳಷ್ಟು ಸಕ್ಕರೆ ಮದ್ಯಸಾರವಾಗುತ್ತದೆ. ಇದನ್ನು ಇಂದಿಗೂ ಪಾಶ್ಚರ್ ಪರಿಣಾಮ ಎಂದು ಕರೆಯುತ್ತಾರೆ.

ಜೀವಿಗಳು ತಾವಾಗಿಯೇ ಹುಟ್ಟುತ್ತವೆಯೇ?

ಹುದುಗುವಿಕೆಯ ಜೀವಿಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆ ಇದರ ಬೆನ್ನಿಗೇ ಎದ್ದಿತು. ನಿರ್ಜೀವ ರಸದಲ್ಲಿ ಅವು ತಾವಾಗಿಯೇ ಹುಟ್ಟುತ್ತವೆ ಎಂದು ರುವಾನ್ ನಗರದ ಫೆಲಿಕ್ಸ್ ಪೂಶೆ ವಾದಿಸುತ್ತಿದ್ದರು. ಪಾಶ್ಚರ್ ಹಂಸದ ಕತ್ತಿನಂತೆ ಬಾಗಿದ ಉದ್ದ ಕೊರಳಿನ ಗಾಜಿನ ಬುರುಡೆಗಳಲ್ಲಿ ರಸವನ್ನು ಕುದಿಸಿಟ್ಟರು. ಗಾಳಿ ಒಳಗೆ ಹೋಗಲು ಅಡ್ಡಿಯಿರಲಿಲ್ಲ, ಆದರೆ ಧೂಳು ಬಾಗಿದ ಕೊರಳಿನಲ್ಲೇ ನಿಲ್ಲುತ್ತಿತ್ತು. ಆ ರಸ ಕೆಡಲಿಲ್ಲ. ಕೊರಳನ್ನು ಮುರಿದ ಮೇಲೆ ಕೆಟ್ಟಿತು.

1860ರಲ್ಲಿ ಅವರು ಕುದಿಸಿ ಮುಚ್ಚಿದ ಬುರುಡೆಗಳನ್ನು ಬೇರೆಬೇರೆ ಎತ್ತರಗಳಿಗೆ ಒಯ್ದು ತೆರೆದು ಮತ್ತೆ ಮುಚ್ಚಿದರು. ಆಲ್ಪ್ಸ್ ಪರ್ವತದ ಹಿಮನದಿಯ ಬಳಿ ತೆರೆದ 20 ಬುರುಡೆಗಳಲ್ಲಿ ಕೇವಲ ಒಂದು ಕೆಟ್ಟಿತು. ತಗ್ಗಿನ ಪ್ರದೇಶದಲ್ಲಿ ತೆರೆದ 20ರಲ್ಲಿ 8 ಕೆಟ್ಟವು. ಈ ಕೆಲಸಕ್ಕಾಗಿ 1862ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಬಹುಮಾನ ದೊರೆಯಿತು. ಅದೇ ವರ್ಷ ಅವರು ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದರು.

ದ್ರಾಕ್ಷಾಮದ್ಯ ಮತ್ತು ರೇಷ್ಮೆಹುಳು

1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕೋರಿಕೆಯಂತೆ ಪಾಶ್ಚರ್ ದ್ರಾಕ್ಷಾಮದ್ಯ ಕೆಡುವ ಕಾರಣಗಳನ್ನು ಆರ್ಬ್ವಾದಲ್ಲಿ ಪರೀಕ್ಷಿಸಿದರು. ಸಿದ್ಧವಾದ ಮದ್ಯವನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಸ್ವಲ್ಪ ಹೊತ್ತು ಬಿಸಿ ಮಾಡಿದರೆ ಅದನ್ನು ಕೆಡಿಸುವ ಜೀವಿಗಳು ಸಾಯುತ್ತವೆಂದು ತೋರಿಸಿ, 1865ರಲ್ಲಿ ಪೇಟೆಂಟ್ ಪಡೆದರು. ಇದೇ ಪಾಶ್ಚರೀಕರಣ. ಹಾಲಿಗೆ ಇದನ್ನು ಅನ್ವಯಿಸಿದವರು ನಂತರದ ವಿಜ್ಞಾನಿಗಳು.

1865ರಿಂದ ಐದು ವರ್ಷ ಅವರು ದಕ್ಷಿಣ ಫ್ರಾನ್ಸಿನ ಆಲೆಸ್ ಎಂಬಲ್ಲಿ ರೇಷ್ಮೆಹುಳುಗಳ ರೋಗಗಳ ಅಧ್ಯಯನದಲ್ಲಿ ತೊಡಗಿದರು. ಗಂಟುರೋಗವೆಂದು ಕನ್ನಡದಲ್ಲಿ ಕರೆಯುವ ಪೆಬ್ರಿನ್, ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ. ಆದ್ದರಿಂದ ಪ್ರತಿ ಚಿಟ್ಟೆಯನ್ನೂ ಪ್ರತ್ಯೇಕವಾಗಿ ಮೊಟ್ಟೆಯಿಡಿಸಿ, ಆಮೇಲೆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣಗಳಿದ್ದರೆ ಆ ಮೊಟ್ಟೆಗಳನ್ನು ನಾಶಪಡಿಸುವ ವಿಧಾನವನ್ನು ಅವರು ರೂಪಿಸಿದರು. ಮಕ್ಕಳಲ್ಲಿ ಇಬ್ಬರ ಸಾವು ಈ ಅವಧಿಯಲ್ಲೇ ಸಂಭವಿಸಿತು. 1868ರ ಅಕ್ಟೋಬರ್ 19ರಂದು ಪಾರ್ಶ್ವವಾಯು ಬಡಿದು ಅವರ ದೇಹದ ಎಡಭಾಗ ದುರ್ಬಲವಾಯಿತು. ಆಗ ಅವರಿಗೆ 45 ವರ್ಷ. ಅನಂತರದ ಪ್ರಯೋಗಗಳಲ್ಲಿ ಕೈಕೆಲಸದ ಬಹುಭಾಗವನ್ನು ಸಹಾಯಕರು ನಿರ್ವಹಿಸಬೇಕಾಯಿತು.

ಯುದ್ಧ ಮತ್ತು ಬಿಯರ್ ಅಧ್ಯಯನ

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಗಳ ನಡುವೆ ಯುದ್ಧ ನಡೆಯಿತು. ಪಾಶ್ಚರ್ ಅವರ ಮಗ ಸೈನ್ಯ ಸೇರಿದ್ದನು. 1871ರ ಜನವರಿಯಲ್ಲಿ ಸೋತು ಹಿಮ್ಮೆಟ್ಟುತ್ತಿದ್ದ ಸೈನಿಕರ ನಡುವೆ ಮಗನನ್ನು ಹುಡುಕುತ್ತಾ ಪತ್ನಿಯೊಡನೆ ಹೊರಟ ಪಾಶ್ಚರ್, ಪೊಂತಾರ್ಲಿಯೆ ಎಂಬ ಊರಿನ ಬಳಿ ಅವನನ್ನು ಜೀವಂತವಾಗಿ ಕಂಡರು. ಬಾನ್ ವಿಶ್ವವಿದ್ಯಾಲಯ ತಮಗೆ ನೀಡಿದ್ದ ಗೌರವ ಪದವಿಯನ್ನು ಅವರು ಅದೇ ತಿಂಗಳು ಹಿಂದಿರುಗಿಸಿದರು.

ಬಿಯರ್ ತಯಾರಿಕೆಯಲ್ಲಿ ಜರ್ಮನಿಯ ಕೈ ಮೇಲಾಗಿತ್ತು. ಫ್ರಾನ್ಸಿನ ಬಿಯರನ್ನು ಅದಕ್ಕೆ ಸರಿಗಟ್ಟುವಂತೆ ಮಾಡಬೇಕೆಂಬ ಉದ್ದೇಶದಿಂದ ಪಾಶ್ಚರ್ 1871ರಲ್ಲಿ ಕ್ಲೆರ್ಮೋನ್ ಫೆರಾನ್ ನಗರದ ಸಮೀಪದ ಒಂದು ಸಣ್ಣ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಆರಂಭಿಸಿದರು. ಶಿಷ್ಯ ಎಮಿಲ್ ದುಕ್ಲೋ ಅವರಿಗೆ ಆಶ್ರಯ ನೀಡಿದ್ದರು. ಸ್ವತಃ ಪಾಶ್ಚರ್ ಅವರಿಗೆ ಬಿಯರಿನ ರುಚಿ ಹಿಡಿಸುತ್ತಿರಲಿಲ್ಲ.

ಅದೇ ವರ್ಷ ಅವರು ಲಂಡನ್ನಿನ ವಿಟ್‌ಬ್ರೆಡ್ ಬಿಯರ್ ಕಾರ್ಖಾನೆಗೆ ಭೇಟಿ ನೀಡಿ ಅಲ್ಲಿನ ಯೀಸ್ಟಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಯೀಸ್ಟಿನ ನಡುವೆ ಕೆಡಿಸುವ ಜೀವಿಗಳೂ ಬೆರೆತಿರುವುದನ್ನು ಕಾರ್ಖಾನೆಯವರಿಗೆ ತೋರಿಸಿ, ಯಾವ ಬಿಯರು ಕೆಡುವ ಹಾದಿಯಲ್ಲಿದೆ ಎಂಬುದನ್ನು ಗುರುತಿಸಿದರು. ಸ್ವಲ್ಪ ದಿನಗಳಲ್ಲೇ ಕಾರ್ಖಾನೆಯವರು ತಮ್ಮದೇ ಸೂಕ್ಷ್ಮದರ್ಶಕವನ್ನು ಕೊಂಡರು.

ಈ ಅಧ್ಯಯನಗಳ ಫಲವಾಗಿ 1876ರಲ್ಲಿ ಬಿಯರನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಅದರ ಇಂಗ್ಲಿಷ್ ಅನುವಾದ 1879ರಲ್ಲಿ ಬಂದಿತು. ಕುದಿಸಿದ ರಸವನ್ನು ಗಾಳಿಯ ಧೂಳು ಬೀಳದಂತೆ ತಣಿಸಬೇಕು, ಶುದ್ಧವಾದ ಯೀಸ್ಟನ್ನೇ ಬಳಸಬೇಕು, ಯೀಸ್ಟಿಗೆ ಬೇಕಾದ ಗಾಳಿಯನ್ನು ಶುದ್ಧಗೊಳಿಸಿ ಮಿತವಾಗಿ ಕೊಡಬೇಕು ಎಂಬುವು ಅದರ ಮುಖ್ಯ ಸೂಚನೆಗಳು.

ತಡವಾಗಿ ಆರಂಭವಾಗುವ ಹುದುಗುವಿಕೆ

ಬಿಯರ್ ತಯಾರಿಸಲು ಬಾರ್ಲಿಯನ್ನು ಮೊಳಕೆ ಕಟ್ಟಿ ಒಣಗಿಸುತ್ತಾರೆ; ಇದಕ್ಕೆ ಮಾಲ್ಟ್ ಎಂದು ಹೆಸರು. ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿದ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಅದನ್ನು ಹಾಪ್ಸ್ ಹೂವಿನೊಡನೆ ಕುದಿಸಿ, ತಣಿಸಿ, ಮೊಸರಿಗೆ ಹೆಪ್ಪು ಹಾಕುವಂತೆ ಯೀಸ್ಟನ್ನು ಬೆರೆಸುತ್ತಾರೆ. ಬೆರೆಸಿದೊಡನೆ ನೊರೆ ಏಳುವುದಿಲ್ಲ. ಯೀಸ್ಟ್ ಹೊಸ ರಸಕ್ಕೆ ಹೊಂದಿಕೊಂಡು ವೃದ್ಧಿಯಾಗಲು ಸಾಮಾನ್ಯವಾಗಿ 6ರಿಂದ 24 ಗಂಟೆ ಹಿಡಿಯುತ್ತದೆ. ಈ ಅವಧಿ ಉದ್ದವಾದಷ್ಟೂ ಬೇರೆ ಜೀವಿಗಳು ರಸವನ್ನು ಆಕ್ರಮಿಸುವ ಸಂಭವ ಹೆಚ್ಚು. ಬಿಗೋ ಅವರ ಕೆಟ್ಟ ತೊಟ್ಟಿಗಳಲ್ಲಿ ಕಂಡದ್ದು ಇಂತಹ ಆಕ್ರಮಣವನ್ನೇ.

ಪಾಶ್ಚರ್ ತೋರಿದ ದಾರಿಯಲ್ಲಿ ನಡೆದು ನಂತರದ ಸಂಶೋಧಕರು ಈ ವಿಳಂಬದ ಕಾರಣಗಳನ್ನು ಸ್ಪಷ್ಟಪಡಿಸಿದ್ದಾರೆ. ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವವರು ಇಂದಿಗೂ ಇವನ್ನೇ ಒಂದೊಂದಾಗಿ ಪರಿಶೀಲಿಸುತ್ತಾರೆ.

ಮೊದಲನೆಯದು, ಯೀಸ್ಟಿನ ಪ್ರಮಾಣ ಮತ್ತು ಜೀವಂತಿಕೆ. ಹಳೆಯದಾದ ಅಥವಾ ಬಿಸಿಲಿನಲ್ಲಿ ಇಟ್ಟ ಯೀಸ್ಟಿನಲ್ಲಿ ಬಹುಪಾಲು ಕಣಗಳು ಸತ್ತಿರುತ್ತವೆ. ಅನುಮಾನವಿದ್ದಾಗ ಸ್ವಲ್ಪ ರಸದಲ್ಲಿ ಯೀಸ್ಟನ್ನು ಮುಂಚಿತವಾಗಿ ಬೆಳೆಸಿ, ಅದು ನೊರೆಗಟ್ಟಿದ ಮೇಲೆ ದೊಡ್ಡ ಪಾತ್ರೆಗೆ ಸೇರಿಸುವುದು ವಾಡಿಕೆ.

ಎರಡನೆಯದು, ಉಷ್ಣತೆ. ಮೇಲ್ಭಾಗದಲ್ಲಿ ಹುದುಗುವ ಏಲ್ ಬಗೆಯ ಬಿಯರಿಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಹಿತವಾದದ್ದು. ಇದಕ್ಕಿಂತ ತಂಪಾದರೆ ಯೀಸ್ಟ್ ಮಂದವಾಗುತ್ತದೆ. ಪಾತ್ರೆಯನ್ನು ಕೆಲವು ಡಿಗ್ರಿ ಬೆಚ್ಚಗಿನ ಜಾಗಕ್ಕೆ ಸರಿಸಿದರೆ ಚೇತರಿಸಿಕೊಳ್ಳುತ್ತದೆ. ರಸ ಪೂರ್ತಿ ತಣಿಯುವ ಮೊದಲೇ ಯೀಸ್ಟ್ ಹಾಕಿದ್ದರೆ ಅದು ಸತ್ತಿರಬಹುದು. ಆಗ ಹೊಸ ಯೀಸ್ಟ್ ಹಾಕದೆ ಬೇರೆ ದಾರಿಯಿಲ್ಲ.

ಮೂರನೆಯದು, ಗಾಳಿ. ಕುದಿಸುವಾಗ ರಸದಲ್ಲಿ ಕರಗಿದ್ದ ಆಮ್ಲಜನಕ ಹೊರಟುಹೋಗುತ್ತದೆ. ದಣಿದ ಯೀಸ್ಟ್ ಸ್ವಲ್ಪ ಗಾಳಿ ದೊರೆತರೆ ಮತ್ತೆ ಹೊಸ ಚೈತನ್ಯ ಪಡೆಯುವುದನ್ನು ಪಾಶ್ಚರ್ ಗಮನಿಸಿದ್ದರು. ಯೀಸ್ಟ್ ತನ್ನ ಕಣಪೊರೆಗೆ ಬೇಕಾದ ಕೊಬ್ಬಿನಂಶಗಳನ್ನು ತಯಾರಿಸಿಕೊಳ್ಳಲು ಆಮ್ಲಜನಕ ಅಗತ್ಯವೆಂದು 20ನೆಯ ಶತಮಾನದಲ್ಲಿ ತಿಳಿದುಬಂತು. ಒಂದು ಲೀಟರ್ ರಸದಲ್ಲಿ 8ರಿಂದ 10 ಮಿಲಿಗ್ರಾಂ ಆಮ್ಲಜನಕವಿದ್ದರೆ ಸಾಕಾಗುತ್ತದೆ. ಆದ್ದರಿಂದ ತಣಿದ ರಸವನ್ನು ಯೀಸ್ಟ್ ಹಾಕುವ ವೇಳೆಗೆ ಚೆನ್ನಾಗಿ ಕಲಕುತ್ತಾರೆ. ಹುದುಗುವಿಕೆ ಭರದಿಂದ ನಡೆಯತೊಡಗಿದ ನಂತರ ಕಲಕಿದರೆ ರುಚಿ ಕೆಡುತ್ತದೆ.

ನಾಲ್ಕನೆಯದು, ತಪ್ಪು ಗ್ರಹಿಕೆ. ಮುಚ್ಚಳ ಬಿಗಿಯಾಗಿರದಿದ್ದರೆ ಅನಿಲ ಸಂದಿಯಿಂದ ಹೊರಹೋಗಿ, ಕೊಳವೆಯಲ್ಲಿ ಗುಳ್ಳೆಗಳು ಕಾಣುವುದಿಲ್ಲ. ಹುದುಗುವಿಕೆ ಮಾತ್ರ ಒಳಗೆ ಸರಿಯಾಗಿಯೇ ನಡೆದಿರುತ್ತದೆ. ಹೈಡ್ರೋಮೀಟರ್ ಎಂಬ ಉಪಕರಣದಿಂದ ರಸದ ಸಾಂದ್ರತೆಯನ್ನು ಅಳೆದರೆ ನಿಜ ತಿಳಿಯುತ್ತದೆ: ಸಕ್ಕರೆ ಕರಗಿಹೋದಂತೆ ಸಾಂದ್ರತೆ ಇಳಿಯುತ್ತದೆ. 72 ಗಂಟೆ ಕಳೆದರೂ ಅಂಕಿ ಇಳಿಯದಿದ್ದರೆ ಮಾತ್ರ ಹೊಸ ಯೀಸ್ಟ್ ಸೇರಿಸುವುದು ರೂಢಿ. ಅಷ್ಟರಲ್ಲಿ ಹುಳಿ ವಾಸನೆಯೋ ಬೂಷ್ಟೋ ಕಂಡರೆ ಆ ರಸವನ್ನು ಚೆಲ್ಲುತ್ತಾರೆ.

ಹ್ಯಾನ್ಸೆನ್ ಅವರ ತಿದ್ದುಪಡಿ

ಯೀಸ್ಟನ್ನು ಶುದ್ಧಗೊಳಿಸಲು ಪಾಶ್ಚರ್ ಟಾರ್ಟಾರಿಕ್ ಆಮ್ಲವನ್ನು ಬಳಸುತ್ತಿದ್ದರು. ಇದರಿಂದ ಬ್ಯಾಕ್ಟೀರಿಯಗಳು ಹತೋಟಿಗೆ ಬರುತ್ತಿದ್ದವು. ಆದರೆ ಬಿಯರನ್ನು ಕೆಡಿಸುವ ಕಾಡು ಯೀಸ್ಟುಗಳೂ ಉಂಟೆಂಬುದು ಅವರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಇದನ್ನು ಪತ್ತೆಹಚ್ಚಿ, ಆಮ್ಲದ ವಿಧಾನದಿಂದ ಕಾಡು ಯೀಸ್ಟುಗಳಿಗೇ ಅನುಕೂಲವಾಗುತ್ತದೆಂದು ತೋರಿಸಿದರು. ಒಂದೇ ಒಂದು ಕಣದಿಂದ ಇಡೀ ಯೀಸ್ಟಿನ ವಂಶವನ್ನು ಬೆಳೆಸುವ ವಿಧಾನವನ್ನು ಅವರು ರೂಪಿಸಿದರು. 1883ರಲ್ಲಿ ಕಾರ್ಲ್ಸ್‌ಬರ್ಗ್ ಕಾರ್ಖಾನೆ ಈ ಶುದ್ಧ ಯೀಸ್ಟನ್ನು ಬಳಸಲಾರಂಭಿಸಿತು. ಆ ಸಂಸ್ಥೆಯ ಸ್ಥಾಪಕ ಯಾಕೊಬ್ಸೆನ್ ಅವರು ಪಾಶ್ಚರ್ ಅವರ ಅಭಿಮಾನಿಯಾಗಿದ್ದು, ಅವರ ಪ್ರತಿಮೆಯನ್ನು ಮಾಡಿಸಿದ್ದರು.

ರೋಗಾಣು ಮತ್ತು ಲಸಿಕೆಗಳು

ತೊಟ್ಟಿಯ ರಸವನ್ನು ಹೊರಗಿನ ಜೀವಿ ಕೆಡಿಸುವಂತೆ ದೇಹವನ್ನೂ ಕೆಡಿಸಬಹುದೆಂಬ ವಿಚಾರ ಪಾಶ್ಚರ್ ಅವರಲ್ಲಿ ಬಹಳ ಹಿಂದಿನಿಂದ ಇತ್ತು. 1877ರಿಂದ ಅವರು ಪ್ರಾಣಿಗಳ ರೋಗಗಳ ಕಡೆಗೆ ತಿರುಗಿದರು. ಕೋಳಿಗಳ ಕಾಲರಾ ರೋಗದ ಜೀವಿಯನ್ನು ದುರ್ಬಲಗೊಳಿಸಿ ಚುಚ್ಚಿದರೆ ರೋಗನಿರೋಧಕ ಶಕ್ತಿ ಬರುವುದನ್ನು 1880ರಲ್ಲಿ ಪ್ರಕಟಿಸಿದರು. 1881ರಲ್ಲಿ ಪೂಯಿ ಲ ಫೋರ್ ಎಂಬ ಹಳ್ಳಿಯಲ್ಲಿ ಆಂತ್ರಾಕ್ಸ್ ಲಸಿಕೆಯ ಬಹಿರಂಗ ಪರೀಕ್ಷೆ ನಡೆಯಿತು. ಜೂನ್ 2ರಂದು ಜನ ಬಂದು ನೋಡಿದಾಗ ಲಸಿಕೆ ಪಡೆದ ಕುರಿಗಳು ಬದುಕಿದ್ದವು. ಪಡೆಯದವು ಸತ್ತಿದ್ದವು ಅಥವಾ ಸಾಯುವ ಸ್ಥಿತಿಯಲ್ಲಿದ್ದವು.

1885ರ ಜುಲೈ 6ರಂದು ಆಲ್ಸೇಸ್ ಪ್ರಾಂತದ 9 ವರ್ಷದ ಬಾಲಕ ಜೋಸೆಫ್ ಮೈಸ್ಟರ್‌ನನ್ನು ಅವನ ತಾಯಿ ಕರೆತಂದರು. ಹುಚ್ಚುನಾಯಿ ಅವನನ್ನು ಹಲವು ಕಡೆ ಕಚ್ಚಿತ್ತು. ರೋಗ ತಗುಲಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ತಯಾರಿಸಿದ ಮದ್ದನ್ನು ವೈದ್ಯರಿಂದ 13 ಬಾರಿ ಕೊಡಿಸಲಾಯಿತು. ಪಾಶ್ಚರ್ ವೈದ್ಯರಾಗಿರಲಿಲ್ಲವಾದ್ದರಿಂದ ತಾವೇ ಚುಚ್ಚುವಂತಿರಲಿಲ್ಲ. ಬಾಲಕ ಬದುಕಿದನು. ಈ ಯಶಸ್ಸಿನ ನಂತರ ಸಾರ್ವಜನಿಕರ ದೇಣಿಗೆಯಿಂದ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ನಿರ್ಮಾಣಗೊಂಡು 1888ರ ನವೆಂಬರ್ 14ರಂದು ಉದ್ಘಾಟನೆಯಾಯಿತು.

ಕೊನೆಯ ದಿನಗಳು

1892ರ ಡಿಸೆಂಬರ್ 27ರಂದು ಅವರ 70ನೆಯ ಹುಟ್ಟುಹಬ್ಬವನ್ನು ಪ್ಯಾರಿಸ್ಸಿನ ಸೊರ್ಬೋನ್‌ನಲ್ಲಿ ಸಾರ್ವಜನಿಕವಾಗಿ ಆಚರಿಸಲಾಯಿತು. ಶಸ್ತ್ರಚಿಕಿತ್ಸೆಯಲ್ಲಿ ನಂಜುನಿವಾರಣೆಯನ್ನು ಜಾರಿಗೆ ತಂದ ಜೋಸೆಫ್ ಲಿಸ್ಟರ್ ಇಂಗ್ಲೆಂಡಿನಿಂದ ಬಂದು ಅಭಿನಂದಿಸಿದರು. ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ಪ್ಯಾರಿಸ್ಸಿನ ಸಮೀಪದ ವಿಲ್‌ನೋವ್ ಲೆತಾಂಗ್ ಎಂಬಲ್ಲಿ ನಿಧನರಾದರು. 1896ರಲ್ಲಿ ಅವರ ಪಾರ್ಥಿವ ಶರೀರವನ್ನು ಪಾಶ್ಚರ್ ಸಂಸ್ಥೆಯ ನೆಲಮಾಳಿಗೆಯ ಸಮಾಧಿಗೆ ಸ್ಥಳಾಂತರಿಸಲಾಯಿತು.

ಟೀಕೆಗಳು

ಪಾಶ್ಚರ್ ಅವರ ಪ್ರಯೋಗದ ಟಿಪ್ಪಣಿ ಪುಸ್ತಕಗಳು 1964ರಲ್ಲಿ ಮೊಮ್ಮಗನ ಮೂಲಕ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿದವು. ಅವುಗಳನ್ನು ಪರಿಶೀಲಿಸಿದ ಇತಿಹಾಸಕಾರ ಜೆರಾಲ್ಡ್ ಗೈಸನ್ 1995ರ ತಮ್ಮ ಗ್ರಂಥದಲ್ಲಿ ಕೆಲವು ಆಕ್ಷೇಪಗಳನ್ನು ಎತ್ತಿದರು. 1881ರ ಬಹಿರಂಗ ಪರೀಕ್ಷೆಯಲ್ಲಿ ಬಳಸಿದ ಲಸಿಕೆಯು ಪಾಶ್ಚರ್ ಜನರಿಗೆ ತಿಳಿಯಪಡಿಸಿದ್ದ ವಿಧಾನದ್ದಾಗಿರದೆ, ಸಹಾಯಕ ಶಾಂಬರ್ಲಾನ್ ರಾಸಾಯನಿಕದಿಂದ ಸಿದ್ಧಪಡಿಸಿದ್ದಾಗಿತ್ತು ಎಂಬುದು ಅವುಗಳಲ್ಲಿ ಮುಖ್ಯವಾದುದು. ಈ ವಿಮರ್ಶೆಗೆ ಪ್ರತಿವಾದಗಳೂ ಬಂದಿವೆ. ಲಸಿಕೆಗಳ ಪ್ರಯೋಜನದ ಬಗ್ಗೆ ಭಿನ್ನಾಭಿಪ್ರಾಯವಿಲ್ಲ.

ಕರ್ನಾಟಕ ಮತ್ತು ಪಾಶ್ಚರ್ ಪರಂಪರೆ

ಪಾಶ್ಚರ್ ಭಾರತಕ್ಕೆ ಬಂದವರಲ್ಲ; ಅವರ ವಿಧಾನಗಳು ಮಾತ್ರ ಕನ್ನಡನಾಡಿನ ದಿನನಿತ್ಯದ ಬದುಕಿನಲ್ಲಿ ಸೇರಿಕೊಂಡಿವೆ. ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಆರಂಭವಾದ ಪಾಶ್ಚರ್ ಸಂಸ್ಥೆ ದಕ್ಷಿಣ ಭಾರತದಲ್ಲಿ ಹುಚ್ಚುನಾಯಿ ಕಡಿತದ ಚಿಕಿತ್ಸೆಗೆ ಆಧಾರವಾಯಿತು. ಕರ್ನಾಟಕದ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಗಂಟುರೋಗಕ್ಕಾಗಿ ಪರೀಕ್ಷಿಸುವುದು ಆಲೆಸ್‌ನಲ್ಲಿ ಅವರು ರೂಪಿಸಿದ ಕ್ರಮದ ಮುಂದುವರಿಕೆ. ಡೈರಿಗಳಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿ ತಣಿಸುವ ವಿಧಾನಕ್ಕೆ ಅವರ ಹೆಸರೇ ನಿಂತಿದೆ. ಬೆಂಗಳೂರು ದೊಡ್ಡ ಬಿಯರ್ ಕಾರ್ಖಾನೆಗಳಿಗೂ ಇತ್ತೀಚೆಗೆ ಸ್ಥಳದಲ್ಲೇ ಬಿಯರ್ ತಯಾರಿಸುವ ಸಣ್ಣ ಘಟಕಗಳಿಗೂ ಹೆಸರಾಗಿದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಅಪರಾಧ.

ಬಿಯರನ್ನು ಮುಟ್ಟದ ಮನೆಗಳಲ್ಲೂ ಹುದುಗುವಿಕೆಯ ಅನುಭವ ಇದ್ದೇ ಇದೆ. ಹಾಸನ ಜಿಲ್ಲೆಯ ಮಾಗಿಯ ಚಳಿಯಲ್ಲಿ ಇಡ್ಲಿ, ದೋಸೆಯ ಹಿಟ್ಟು ಬೆಳಗಾದರೂ ಉಬ್ಬದಿರುವುದುಂಟು. ಉದ್ದಿನ ಬೇಳೆಯೊಡನೆ ಬರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ತಂಪಿನಲ್ಲಿ ಮಂದವಾಗುವುದೇ ಇದಕ್ಕೆ ಕಾರಣ. ಹಿಟ್ಟಿನ ಪಾತ್ರೆಯನ್ನು ಒಲೆಯ ಬಳಿ ಇಡುವುದು, ಹಿಂದಿನ ದಿನದ ಹಿಟ್ಟನ್ನು ಸ್ವಲ್ಪ ಬೆರೆಸುವುದು ಮೊದಲಾದ ರೂಢಿಗಳು ಉಷ್ಣತೆಯನ್ನೂ ಜೀವಿಗಳ ಸಂಖ್ಯೆಯನ್ನೂ ಹೆಚ್ಚಿಸುತ್ತವೆ. ಬಿಯರ್ ತಯಾರಕರು ಮಾಡುವುದೂ ಇದನ್ನೇ.

ಇದೇ ಜಿಲ್ಲೆಯ ಶ್ರವಣಬೆಳಗೊಳ ಮತ್ತು ಅದರ ಪಕ್ಕದ, ಶಾಂತಿನಾಥ ಬಸದಿಗೆ ಹೆಸರಾದ ಜಿನನಾಥಪುರ ಜೈನ ಪರಂಪರೆಯ ಪ್ರಾಚೀನ ನೆಲೆಗಳು. ಜೈನ ಶ್ರಾವಕರ ಆಚಾರದಲ್ಲಿ ಮದ್ಯ ವರ್ಜ್ಯವಾದುದು. ಮದ್ಯವು ಅಸಂಖ್ಯ ಸೂಕ್ಷ್ಮಜೀವಗಳ ಉತ್ಪತ್ತಿಸ್ಥಾನವೆಂಬುದು ಅದಕ್ಕೆ ಶಾಸ್ತ್ರಗ್ರಂಥಗಳು ಕೊಡುವ ಕಾರಣಗಳಲ್ಲೊಂದು. ಇದು ಅಹಿಂಸೆಯ ದೃಷ್ಟಿಯಿಂದ ಬಂದ ಧಾರ್ಮಿಕ ನಿಯಮವಾದ್ದರಿಂದ ಇದನ್ನು ಪ್ರಯೋಗಾಲಯದ ನಿರ್ಣಯದೊಡನೆ ಸಮೀಕರಿಸಲಾಗದು. ಹುದುಗುವ ರಸದಲ್ಲಿರುವ ಜೀವಿಗಳನ್ನು ಒಂದೊಂದಾಗಿ ಗುರುತಿಸಿ, ಅವು ಹೊರಗಿನಿಂದ ಬರುತ್ತವೆಯೇ ಹೊರತು ರಸದಲ್ಲಿ ತಾವಾಗಿ ಹುಟ್ಟುವುದಿಲ್ಲವೆಂದು ಪ್ರಯೋಗದಿಂದ ಸಿದ್ಧಪಡಿಸಿದ್ದು ಪಾಶ್ಚರ್ ಅವರ ಕೊಡುಗೆ.